ಒಂದೇ ಹೆಸರು, ಹಲವು ವ್ಯಕ್ತಿಗಳು: ನಾಮಸಾಮ್ಯದ ಸಮಸ್ಯೆ

ಬಾದಾಮಿ, ಹುನಗುಂದ, ಇಳಕಲ್ಲುಗಳ ಸೀಮೆಯ ಗುಡೂರು ಬಾಗಲಕೋಟೆ ಜಿಲ್ಲೆಯ ಒಂದು ಊರು. ಆಂಧ್ರಪ್ರದೇಶದಲ್ಲಿ ರೈಲುಮಾರ್ಗಗಳು ಕೂಡುವ ಗೂಡೂರು ಇದೆ. ಕರ್ನೂಲು ಜಿಲ್ಲೆಯಲ್ಲಿ ಮತ್ತೊಂದು, ತೆಲಂಗಾಣದ ಮಹಬೂಬಾಬಾದ್ ಜಿಲ್ಲೆಯಲ್ಲಿ ಇನ್ನೊಂದು. ಕನ್ನಡದಲ್ಲಿ ಬರೆದಾಗ ಗುಡೂರಿಗೂ ಗೂಡೂರಿಗೂ ಒಂದು ದೀರ್ಘದ ಅಂತರವಾದರೂ ಉಳಿಯುತ್ತದೆ. ರೋಮನ್ ಲಿಪಿಯ ಸೂಚಿಗಳಲ್ಲಿ ಅದೂ ಅಳಿದು ಎಲ್ಲ ಊರುಗಳೂ ಒಂದಾಗುತ್ತವೆ. ಊರಿನ ಹೆಸರಿಗೇ ಈ ಗತಿಯಾದರೆ ಆ ಊರಿನಿಂದ ಅಡ್ಡಹೆಸರು ಪಡೆದ ಮನುಷ್ಯರ ಪಾಡೇನು?

ಉತ್ತರ ಕರ್ನಾಟಕದಲ್ಲಿ ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಮೂರು ಅಂಗಗಳಿಂದ ವ್ಯಕ್ತಿಯನ್ನು ಗುರುತಿಸುವ ರೂಢಿಯಿದೆ. ಗುಡೂರ, ಇಳಕಲ್, ಹುನಗುಂದ, ಬಾದಾಮಿ, ಕಲಬುರ್ಗಿ ಮೊದಲಾದ ಅಡ್ಡಹೆಸರುಗಳು ಊರುಗಳಿಂದ ಬಂದವು. ಗುಡೂರಿನಲ್ಲಿ ಇರುವ ತನಕ ಯಾರನ್ನೂ ಗುಡೂರಿನವನೆಂದು ಕರೆಯುವ ಅಗತ್ಯವಿಲ್ಲ. ಊರಿನ ಹೆಸರು ಅಡ್ಡಹೆಸರಾಗುವುದು ಊರು ಬಿಟ್ಟ ಮೇಲೆಯೇ. ಒಂದೇ ಹೆಸರಿನ ಹಲವರನ್ನು ಬೇರ್ಪಡಿಸಲು ಜನಸಮುದಾಯ ತಾನಾಗಿ ಕಂಡುಕೊಂಡ ಉಪಾಯವಿದು. ಸಾಹಿತ್ಯ ಚರಿತ್ರೆ ಹಾಗೂ ಶಾಸನಾಧ್ಯಯನಗಳು ಈ ಉಪಾಯವನ್ನು ಎಷ್ಟರಮಟ್ಟಿಗೆ ಪಾಲಿಸಿವೆ, ಪಾಲಿಸದಿದ್ದಲ್ಲಿ ಯಾರಿಗೆ ನಷ್ಟವಾಗಿದೆ ಎಂಬುದು ಪ್ರಸ್ತುತ ಲೇಖನದ ವಿಚಾರ.

ವಚನಕಾರರಲ್ಲಿ ಮಾರಯ್ಯ, ಮಾರಿತಂದೆ ಎಂಬ ಹೆಸರಿನವರನ್ನು ಮೊದಲು ನೋಡಬಹುದು. ಆಯ್ದಕ್ಕಿ ಮಾರಯ್ಯ, ಮೋಳಿಗೆ ಮಾರಯ್ಯ, ನಗೆಯ ಮಾರಿತಂದೆ, ಅರಿವಿನ ಮಾರಿತಂದೆ, ಮನಸಂದ ಮಾರಿತಂದೆ, ಕೂಗಿನ ಮಾರಯ್ಯ, ಕನ್ನದ ಮಾರಿತಂದೆ ಹೀಗೆ ಸಾಲು ಬೆಳೆಯುತ್ತದೆ. ಒಬ್ಬ ಚೆಲ್ಲಿದ ಅಕ್ಕಿಯನ್ನು ಆಯುವವ, ಒಬ್ಬ ಕಟ್ಟಿಗೆಯ ಹೊರೆ ಮಾರುವವ, ಒಬ್ಬ ನಗಿಸುವವ, ಮತ್ತೊಬ್ಬ ಕನ್ನ ಕೊರೆಯುವ ಕಳ್ಳತನದಿಂದ ಭಕ್ತಿಯ ಕಡೆಗೆ ತಿರುಗಿದವ. ಇಲ್ಲಿ ಹೆಸರಿನ ಹಿಂದಿರುವ ವಿಶೇಷಣ ಬಿರುದಲ್ಲ, ಅಲಂಕಾರವೂ ಅಲ್ಲ. ಒಬ್ಬ ಮಾರಯ್ಯನನ್ನು ಇನ್ನೊಬ್ಬನಿಂದ ಬೇರ್ಪಡಿಸುವ ಗುರುತು ಅದು, ಮತ್ತು ಆ ಗುರುತು ಬಹುಪಾಲು ಕಾಯಕದಿಂದ ಬಂದಿದೆ. ಕುಲದಿಂದಲೂ ಒಡೆಯರಿಂದಲೂ ಜನರನ್ನು ಗುರುತಿಸುತ್ತಿದ್ದ ಕಾಲದಲ್ಲಿ ದುಡಿಮೆಯೇ ಹೆಸರಿನ ಭಾಗವಾದದ್ದು ಶರಣ ಚಳವಳಿಯ ತಾತ್ತ್ವಿಕತೆಗೆ ಒಪ್ಪುವ ಸಂಗತಿ. ಆದರೆ ಅದರ ಹಿಂದೆ ನಾಮಸಾಮ್ಯದ ಸರಳ ವ್ಯಾವಹಾರಿಕ ಒತ್ತಡವೂ ಇತ್ತೆಂಬುದನ್ನು ನಮ್ಮ ವಿಮರ್ಶೆ ಸಾಕಷ್ಟು ಗಮನಿಸಿಲ್ಲ. (ರೋಮನ್ ಲಿಪಿಯಲ್ಲಿ ‘ಕನ್ನದ’ ಎಂಬುದು ‘ಕನ್ನಡ’ ಎಂಬುದರಿಂದ ಬೇರೆಯಾಗಿ ಕಾಣುವುದಿಲ್ಲ. ಹೊರಗಿನ ಓದುಗನು ಕನ್ನಗಳ್ಳನೊಬ್ಬನನ್ನು ಕನ್ನಡದ ಅಭಿಮಾನಿಯೆಂದು ಭಾವಿಸಿದರೆ ತಪ್ಪು ಅವನದಲ್ಲ.)

ಕಾಯಕದ ಗುರುತಿಗಿಂತ ಗಟ್ಟಿಯಾದದ್ದು ಅಂಕಿತ. ಆಯ್ದಕ್ಕಿ ಮಾರಯ್ಯನದು ಅಮರೇಶ್ವರಲಿಂಗ, ಮೋಳಿಗೆಯ ಮಾರಯ್ಯನದು ನಿಃಕಳಂಕ ಮಲ್ಲಿಕಾರ್ಜುನ, ಅರಿವಿನ ಮಾರಿತಂದೆಯದು ಸದಾಶಿವಮೂರ್ತಿಲಿಂಗ. ಆಯ್ದಕ್ಕಿ ಲಕ್ಕಮ್ಮ ತನ್ನ ಅಂಕಿತದಲ್ಲಿ ಗಂಡನ ಹೆಸರನ್ನೂ ಸೇರಿಸಿಕೊಂಡು ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’ ಎಂದಳು. ಹಲವು ಮಾರಯ್ಯರಲ್ಲಿ ಯಾವ ಮಾರಯ್ಯನೆಂಬುದು ಅಲ್ಲಿಯೇ ಖಚಿತವಾಯಿತು. ಹಾಗೆಂದು ಅಂಕಿತವೂ ಪೂರ್ಣ ರಕ್ಷೆಯಲ್ಲ. ಅಕ್ಕಮಹಾದೇವಿ, ಸಿದ್ಧರಾಮ, ಮೋಳಿಗೆ ಮಾರಯ್ಯ ಮೂವರ ಅಂಕಿತಗಳಲ್ಲಿಯೂ ಮಲ್ಲಿಕಾರ್ಜುನನಿದ್ದಾನೆ. ಚೆನ್ನ, ಕಪಿಲಸಿದ್ಧ, ನಿಃಕಳಂಕ ಎಂಬ ಮುನ್ನುಡಿಗಳೇ ಅವರನ್ನು ಕಾಯುತ್ತವೆ. ಬಸವಣ್ಣನವರ ಕೂಡಲಸಂಗಮದೇವನಿಗೂ ಚೆನ್ನಬಸವಣ್ಣನವರ ಕೂಡಲಚೆನ್ನಸಂಗಮದೇವನಿಗೂ ನಡುವೆ ಇರುವುದು ಎರಡು ಅಕ್ಷರ. ಲಿಪಿಕಾರನ ಕೈ ತಪ್ಪಿ ಆ ಎರಡಕ್ಷರ ಬಿಟ್ಟರೆ ವಚನದ ಕರ್ತೃವೇ ಬದಲಾಗುತ್ತಾನೆ. ಕರ್ನಾಟಕ ಸರ್ಕಾರ 1993ರಲ್ಲಿ ಹೊರತಂದ 15 ಸಂಪುಟಗಳ ಸಮಗ್ರ ವಚನ ಸಾಹಿತ್ಯ ವಚನಕಾರರನ್ನು ಹೆಸರು ಮತ್ತು ಅಂಕಿತಗಳೊಡನೆ ಬೇರ್ಪಡಿಸಿ ಕೊಟ್ಟಿರುವುದು ಈ ದೃಷ್ಟಿಯಿಂದ ದೊಡ್ಡ ಉಪಕಾರ.

ನಾಮಸಾಮ್ಯ ಯಾವಾಗಲೂ ವ್ಯಕ್ತಿಯ ಹೆಸರಿನಲ್ಲೇ ಅಡಗಿರುವುದಿಲ್ಲ, ಅವನ ಆಶ್ರಯದಾತನ ಹೆಸರಿನಲ್ಲಿಯೂ ಇರಬಹುದು. ಇದಕ್ಕೆ ನಾಗವರ್ಮನಿಗಿಂತ ಉತ್ತಮ ನಿದರ್ಶನವಿಲ್ಲ. ಛಂದೋಂಬುಧಿ, ಕರ್ನಾಟಕ ಕಾದಂಬರಿಗಳ ನಾಗವರ್ಮನನ್ನು 10ನೆಯ ಶತಮಾನದ ಕೊನೆಗೆ ಇರಿಸುವುದು ರೂಢಿ. ಆ ಎರಡು ಕೃತಿಗಳ ಕರ್ತೃ ಒಬ್ಬನೇ ಎಂಬುದರ ಬಗೆಗೂ ಚರ್ಚೆ ನಡೆದಿದೆ. ಕಾವ್ಯಾವಲೋಕನ, ಕರ್ಣಾಟಕ ಭಾಷಾಭೂಷಣ, ವಸ್ತುಕೋಶಗಳನ್ನು ಬರೆದವನು ಇನ್ನೊಬ್ಬ ನಾಗವರ್ಮ. ಒಬ್ಬನ ಕ್ಷೇತ್ರ ಛಂದಸ್ಸು ಮತ್ತು ಕಾವ್ಯ, ಇನ್ನೊಬ್ಬನದು ಅಲಂಕಾರ, ವ್ಯಾಕರಣ, ನಿಘಂಟು. ಈ ಎರಡನೆಯವನು ಜಗದೇಕಮಲ್ಲನ ಕಟಕೋಪಾಧ್ಯಾಯನಾಗಿದ್ದನೆಂದು ಜನ್ನನಿಂದ ತಿಳಿದುಬರುತ್ತದೆ. ಕರ್ಣಾಟಕ ಕವಿಚರಿತೆಯ ಆರ್. ನರಸಿಂಹಾಚಾರ್ಯರು ಆ ಜಗದೇಕಮಲ್ಲನನ್ನು ಕಲ್ಯಾಣದ ಚಾಲುಕ್ಯರ ಇಮ್ಮಡಿ ಜಗದೇಕಮಲ್ಲನೆಂದು ಗ್ರಹಿಸಿ ಕವಿಯ ಕಾಲವನ್ನು ಸುಮಾರು 1145 ಎಂದರು. ತಮ್ಮ ಮುಂದಿದ್ದ ಆಧಾರಗಳಿಂದ ಅವರು ತಲುಪಿದ ನಿರ್ಣಯ ಅಸಂಗತವಾಗಿರಲಿಲ್ಲ. ಆದರೆ 1015ರಿಂದ ಸುಮಾರು 1042ರವರೆಗೆ ಆಳಿದ ಇಮ್ಮಡಿ ಜಯಸಿಂಹನಿಗೂ ಜಗದೇಕಮಲ್ಲನೆಂಬ ಬಿರುದಿತ್ತು. ನಾಗವರ್ಮನದೇ ಆದ, 1042ರ ಕಾಲಸೂಚನೆಯುಳ್ಳ ವರ್ಧಮಾನ ಪುರಾಣ ಬೆಳಕಿಗೆ ಬಂದ ಮೇಲೆ ಲೆಕ್ಕ ತಲೆಕೆಳಗಾಯಿತು. ಕವಿ ಒಂದು ಶತಮಾನ ಹಿಂದಕ್ಕೆ ಸರಿದ. ಅವನೊಡನೆ ಕನ್ನಡದ ಅಲಂಕಾರಶಾಸ್ತ್ರ, ವ್ಯಾಕರಣಗಳ ಚರಿತ್ರೆಯೂ ಸರಿಯಿತು. 13ನೆಯ ಶತಮಾನದ ಕೇಶಿರಾಜನಿಗೂ ಅವನ ಹಿಂದಿನ ವೈಯಾಕರಣನಿಗೂ ನಡುವಿನ ಅಂತರ ಒಂದು ಶತಮಾನದಿಂದ ಎರಡು ಶತಮಾನಗಳಿಗೆ ಹಿಗ್ಗಿತು. ಇಷ್ಟಕ್ಕೂ ಕಾರಣ ಇಬ್ಬರು ಅರಸರು ಹಂಚಿಕೊಂಡ ಒಂದು ಬಿರುದು.

ಬಾದಾಮಿಯ ಅರಸರ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಬಾದಾಮಿಯ ಕೋಟೆಯ ಬಂಡೆಯಲ್ಲಿರುವ 543ರ ಶಾಸನದ ವಲ್ಲಭೇಶ್ವರನೇ ಮೊದಲನೆಯ ಪುಲಕೇಶಿಯೆಂದೂ ಐಹೊಳೆಯ ಮೇಗುತಿಯಲ್ಲಿ 634ರಲ್ಲಿ ರವಿಕೀರ್ತಿ ಹೊಗಳಿದವನು ಇಮ್ಮಡಿ ಪುಲಕೇಶಿಯೆಂದೂ ಎಲ್ಲರೂ ಬಲ್ಲರು. ಗುಜರಾತಿನ ನವಸಾರಿಯ 739ರ ತಾಮ್ರಪಟದ ಪುಲಕೇಶಿ ಮಾತ್ರ ಅಷ್ಟು ಪರಿಚಿತನಲ್ಲ. ಅವನಿಜನಾಶ್ರಯನೆಂಬ ಬಿರುದಿನ ಇವನು ಬಾದಾಮಿಯ ಅರಸನಲ್ಲ, ಅದೇ ವಂಶದ ಲಾಟ ಶಾಖೆಯವನು. ಅರಬರ ಸೇನೆಯನ್ನು ತಡೆದು ಚಾಲುಕ್ಯ ಸಾರ್ವಭೌಮನಿಂದ ಬಿರುದುಗಳನ್ನು ಪಡೆದವನು ಇವನೇ. ನೂರು ವರ್ಷ ಮೊದಲೇ ತೀರಿದ ಇಮ್ಮಡಿ ಪುಲಕೇಶಿಗೆ ಈ ಗೆಲುವನ್ನು ಜನಪ್ರಿಯ ಬರೆಹಗಳು ಒಪ್ಪಿಸಿದರೆ ಹಿರಿಯನ ಕೀರ್ತಿಗೆ ಅದರಿಂದ ಸೇರುವುದು ಅಲ್ಪ. ಕಿರಿಯನು ಕಳೆದುಕೊಳ್ಳುವುದು ತನ್ನ ಸರ್ವಸ್ವ.

ಮನಗೂಳಿಯ ಶಾಸನದಲ್ಲಿ ಆದದ್ದೂ ಇದೇ, ಆದರೆ ಅಲ್ಲಿ ಪಣ ಇನ್ನೂ ದೊಡ್ಡದು. ಬಸವಣ್ಣನವರು ಐತಿಹಾಸಿಕ ವ್ಯಕ್ತಿಯೇ ಎಂಬ ಪ್ರಶ್ನೆ 19ನೆಯ ಶತಮಾನದ ಕೊನೆಯಲ್ಲಿ ಗಂಭೀರವಾಗಿ ಎದ್ದಿತ್ತು. ಸಮಕಾಲೀನ ಶಾಸನಗಳಲ್ಲಿ ಅವರ ಹೆಸರು ದೊರೆಯದಿದ್ದುದೇ ಅದಕ್ಕೆ ಕಾರಣ. ಜೆ.ಎಫ್. ಫ್ಲೀಟರು ಅಬ್ಬಲೂರಿನ ಶಾಸನದ ಏಕಾಂತದ ರಾಮಯ್ಯನಿಗೆ ಹೆಚ್ಚು ಮಹತ್ತ್ವ ಕೊಟ್ಟದ್ದು ಈ ಹಿನ್ನೆಲೆಯಲ್ಲಿ. ಅಂಥ ಹೊತ್ತಿನಲ್ಲಿ ಬಸವನ ಬಾಗೇವಾಡಿಗೆ ಸಮೀಪದ ಮನಗೂಳಿಯಲ್ಲಿ ಬಿಜ್ಜಳನ ಕಾಲದ, 1161ರ ಶಾಸನವೊಂದು ಸಿಕ್ಕಿತು. ಅದರಲ್ಲಿ ದೇವಾಲಯ ಕಟ್ಟಿಸಿದ ಶಿವಭಕ್ತ ಬಸವನಿದ್ದಾನೆ. ಅದೇ ಊರಿನ ಮಹಾಪ್ರಭುವಾಗಿ ಮಾದಿರಾಜನೆಂಬವನೂ ಇದ್ದಾನೆ. ಕಾಲ ಸರಿ, ಸೀಮೆ ಸರಿ, ಭಕ್ತಿ ಸರಿ. ಬಸವ ಮತ್ತು ಮಾದಿರಾಜ ಎಂಬ ಎರಡು ಹೆಸರುಗಳೂ ಒಂದೇ ಕಲ್ಲಿನ ಮೇಲೆ! ಈ ಬಸವನೇ ಪುರಾಣಗಳ ಬಸವನಿರಬಹುದೆಂಬ ಊಹೆ ಹುಟ್ಟಿದ್ದು ಸಹಜ. ಅದನ್ನು ಮುಂದಿನವರು ತಮ್ಮ ಗ್ರಂಥಗಳಿಗೂ ತೆಗೆದುಕೊಂಡರು.

ಆದರೆ ಶಾಸನವೇ ಈ ಊಹೆಗೆ ಅಡ್ಡ ನಿಂತಿದೆ. ಮನಗೂಳಿಯ ಬಸವ ಚಂದಿರಾಜನ ಮಗ, ರೇವದಾಸನ ಮೊಮ್ಮಗ. ಮಾದಿರಾಜ ಅವನ ತಂದೆಯಲ್ಲ, ದತ್ತಿಯ ಕಾಲದ ಊರೊಡೆಯ. ಇದಕ್ಕೆ ಎದುರಾಗಿ ಬೆಳಗಾವಿ ಜಿಲ್ಲೆ ಹುಕ್ಕೇರಿ ತಾಲೂಕಿನ ಅರ್ಜುನವಾಡದಲ್ಲಿ ದೊರೆತ, ಸೇವುಣ ಕನ್ನರನ ಕಾಲದ 1260ರ ಶಾಸನ ಬಾಗೇವಾಡಿಯನ್ನೂ ಮಾದಿರಾಜನ ಮಗನಾದ ಬಸವರಾಜನನ್ನೂ ಒಟ್ಟಿಗೆ ಹೇಳಿ, ಅವನನ್ನು ಸಂಗನಬಸವನೆಂದು ಗುರುತಿಸುತ್ತದೆ. ಹುನಗುಂದ ಸೀಮೆಯ ಕೂಡಲಸಂಗಮದ ನೆನಪು ಆ ಹೆಸರಿನಲ್ಲಿಯೇ ಇದೆ. ಬಸವಣ್ಣನವರಿಗಿಂತ ಸುಮಾರು ಒಂದು ಶತಮಾನ ತಡವಾದ ಈ ಶಾಸನ, ಅವರ ಸಮಕಾಲೀನವಾದ ಮನಗೂಳಿಯ ಶಾಸನಕ್ಕಿಂತ ಹೆಚ್ಚು ಬಲವಾದ ಸಾಕ್ಷ್ಯವಾಗಿದೆ. ಕಾಲದ ಸಾಮೀಪ್ಯಕ್ಕಿಂತ ತಂದೆಯ ಹೆಸರು, ಊರು, ಆರಾಧ್ಯದೈವ ಈ ಮೂರರ ಕೂಡಿಕೆ ದೊಡ್ಡದೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಡ. ಶಾಸನಗಳ ಆಧಾರದಿಂದ ಶರಣರನ್ನು ಗುರುತಿಸುವ ಕೆಲಸವನ್ನು ‘ಶಾಸನಗಳಲ್ಲಿ ಶಿವಶರಣರು’ ಕೃತಿಯಲ್ಲಿ ಎಂ.ಎಂ. ಕಲಬುರ್ಗಿಯವರು ವಿಸ್ತಾರವಾಗಿ ಕೈಗೊಂಡರು. ಆ ಬಗೆಯ ಅಧ್ಯಯನ ಪ್ರತಿ ಹೆಸರಿನ ಮುಂದೆಯೂ ‘ಇವನೇ ಅವನೆ?’ ಎಂಬ ಪ್ರಶ್ನೆಯನ್ನು ಎದುರಿಸಬೇಕಾಗುತ್ತದೆ.

ಬಸವನೆಂಬ ಹೆಸರು ಅಲ್ಲಿಗೆ ನಿಲ್ಲಲಿಲ್ಲ. ಕೆಳದಿಯ ಬಸಪ್ಪನಾಯಕ ಅರಸನಾಗಿದ್ದು ಸಂಸ್ಕೃತದಲ್ಲಿ ಶಿವತತ್ತ್ವರತ್ನಾಕರವೆಂಬ ವಿಶ್ವಕೋಶವನ್ನು ರಚಿಸಿದ. ಮೈಸೂರು ಆಸ್ಥಾನದ ಬಸವಪ್ಪಶಾಸ್ತ್ರಿಗಳು (1843–1891) ಶಾಕುಂತಲವನ್ನು ಕನ್ನಡಕ್ಕೆ ತಂದು ಅಭಿನವ ಕಾಳಿದಾಸರೆನಿಸಿದರು. ಬಸವರಾಜ ಕಟ್ಟೀಮನಿ (1919–1989) ಕಾದಂಬರಿಕಾರರು. ಬಸವರಾಜ ರಾಜಗುರು (ನಿಧನ 1991) ಹಿಂದುಸ್ತಾನಿ ಗಾಯಕರು. ಅಲ್ಲಮನ ವಚನಚಂದ್ರಿಕೆಯ ಸಂಪಾದಕರಾದ ಎಲ್. ಬಸವರಾಜು (1919–2012) ವಿದ್ವಾಂಸರು. ಕಟ್ಟೀಮನಿಯವರೂ ಬಸವರಾಜು ಅವರೂ ಒಂದೇ ವರ್ಷ ಹುಟ್ಟಿದವರು. ಅಡ್ಡಹೆಸರಿಗೆ ಮೊದಲ ಸ್ಥಾನ ಕೊಡುವ ಗ್ರಂಥಾಲಯ ಸೂಚಿಯಲ್ಲಿ ಉತ್ತರದ ಬಸವರಾಜರು ‘ಕ’ ಮತ್ತು ‘ರ’ ಅಕ್ಷರಗಳಡಿ ಹೋಗುತ್ತಾರೆ. ಹೆಸರಿನ ಮುಂದೆ ಇನಿಷಿಯಲ್ ಮಾತ್ರ ಇಟ್ಟುಕೊಳ್ಳುವ ದಕ್ಷಿಣದ ಬಸವರಾಜು ‘ಬ’ದಲ್ಲಿ ಉಳಿಯುತ್ತಾರೆ. ಹೆಸರಿಗೇ ಮೊದಲ ಸ್ಥಾನ ಕೊಟ್ಟ ಸೂಚಿಯಲ್ಲಿ ಎಲ್ಲರೂ ಒಂದೆಡೆ ಗುಂಪುಗೂಡುತ್ತಾರೆ. ಎರಡು ಪದ್ಧತಿಗಳನ್ನು ಬೆರೆಸಿದ ಸೂಚಿಗಳೂ ನಮ್ಮಲ್ಲಿವೆ. ಅವುಗಳಲ್ಲಿ ಹುಡುಕುವವನ ತಾಳ್ಮೆಯೇ ಕೊನೆಯ ಆಧಾರ.

ಸ್ಥಳದ ಗುರುತೂ ಸ್ಥಿರವಲ್ಲ. 1997ರಲ್ಲಿ ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾಯಿತು. ಅದಕ್ಕೆ ಮೊದಲಿನ ಶಾಸನ ಸಂಪುಟಗಳಲ್ಲಿ ಹುನಗುಂದ, ಬಾದಾಮಿ ಸೀಮೆಯ ಊರುಗಳೆಲ್ಲ ವಿಜಾಪುರ ಜಿಲ್ಲೆಯ ಅಡಿಯಲ್ಲಿವೆ. 2014ರ ನಂತರ ಆ ಜಿಲ್ಲೆಯ ಹೆಸರೂ ವಿಜಯಪುರ. ಹೀಗಾಗಿ ವ್ಯಕ್ತಿನಾಮಗಳ ಸೂಚಿಯನ್ನು ಹೊಸದಾಗಿ ಸಿದ್ಧಪಡಿಸುವವರು ಪ್ರತಿ ನಮೂದಿನಲ್ಲಿಯೂ ತಂದೆಯ ಹೆಸರು, ಶಾಸನೋಕ್ತ ಊರು, ಇಂದಿನ ಊರು, ಬಿರುದು ಅಥವಾ ಅಂಕಿತ, ವೃತ್ತಿ ಹಾಗೂ ತೇದಿಯನ್ನು ಕೊಡುವುದು ಅಗತ್ಯ. ನಿಶ್ಚಯವಿಲ್ಲದಿದ್ದಲ್ಲಿ ಇಬ್ಬರನ್ನು ಒಂದುಗೂಡಿಸುವುದಕ್ಕಿಂತ ಬೇರೆ ಬೇರೆಯಾಗಿ ಇಡುವುದೇ ಲೇಸು: ಬೇರೆಯಾಗಿಟ್ಟವರನ್ನು ಮುಂದೆ ಸೇರಿಸಬಹುದು, ಬೆರೆತುಹೋದವರನ್ನು ಹೆಕ್ಕುವುದು ಕಷ್ಟ.

ಅಂಥ ಸೂಚಿಯಲ್ಲಿ ಮನಗೂಳಿಯ ಬಸವನಿಗೂ ಒಂದು ಸ್ವತಂತ್ರ ನಮೂದು ಸಲ್ಲಬೇಕು. ಬಸವಣ್ಣನವರಲ್ಲವೆಂದು ತೀರ್ಮಾನವಾದ ಮೇಲೆ ಸಂಶೋಧಕರು ಅವನನ್ನು ಕೈಬಿಟ್ಟರು. ಇನ್ನೊಬ್ಬರ ಚರಿತ್ರೆಯ ಅಡಿಟಿಪ್ಪಣಿಯಾಗಿ ಮಾತ್ರ ಅವನು ಉಳಿದಿದ್ದಾನೆ. ಅವನು ಯಾರಲ್ಲ ಎಂಬುದನ್ನು ಬರೆದಷ್ಟು ಅವನು ಯಾರೆಂಬುದನ್ನು ಬರೆದಿಲ್ಲ. ಚಂದಿರಾಜನ ಮಗ, ರೇವದಾಸನ ಮೊಮ್ಮಗ, ದೇವಾಲಯ ಕಟ್ಟಿಸಿದವ, 1161, ಮನಗೂಳಿ ಎಂದು ಬರೆಯಲು ಬೇಕಾದ ವಿವರವೆಲ್ಲ ಆ ಕಲ್ಲಿನ ಮೇಲೆಯೇ ಇದೆ.