ಗುಟ್ಟಿಲ್ಲದ ಕೊಲೆಗಳು

ಹೇಮಂತ್ ಎಂ. ರಾವ್ ನಿರ್ದೇಶನದ 'ಕವಲುದಾರಿ' (2019) ಸಿನಿಮಾವನ್ನು ಯಲಹಂಕದ ನಮ್ಮ ಮನೆಯಲ್ಲಿ ದೊಡ್ಡಪ್ಪನ ಜೊತೆ ಕೂತು ಮತ್ತೊಮ್ಮೆ ನೋಡಿದೆ. ದೊಡ್ಡಪ್ಪ ಹೆಬ್ಬಾಳದ ಕಡೆ ರಸ್ತೆ ಕೆಲಸದಲ್ಲಿ ಮಣ್ಣು ಹೊತ್ತವರು. ಮೆಟ್ರೋ ಕಾಮಗಾರಿಯ ಅಗೆತದಲ್ಲಿ ಮೂವರ ಎಲುಬು ಸಿಗುವುದರಿಂದ ಕಥೆ ಶುರುವಾಗುತ್ತದೆ. ಸ್ವಲ್ಪ ಹೊತ್ತಿಗೆ ದೊಡ್ಡಪ್ಪ ಕೇಳಿದರು: "ಅಲ್ಲ ಕಣೋ, ಅಗೆದೋರು ಎಲ್ಲಿಗೆ ಹೋದ್ರು?" ನನ್ನ ಬಳಿ ಉತ್ತರವಿರಲಿಲ್ಲ. ಅವರ ಮುಖವೇ ನನಗೆ ನೆನಪುಳಿದಿರಲಿಲ್ಲ.

ಸಿನಿಮಾ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಅಪರಾಧ ವಿಭಾಗ ಸೇರಲು ಹಂಬಲಿಸುವ ಟ್ರಾಫಿಕ್ ಪೊಲೀಸ್ ಶ್ಯಾಮ್‌ನನ್ನು (ರಿಷಿ) 'ಇಲ್ಲಿ ನಿನಗೆ ಜಾಗವಿಲ್ಲ' ಎಂಬ ಅವಮಾನ ಕಾಡುತ್ತದೆ. ಅದು ನಮಗೆ ಹೊಸದಲ್ಲ. ಕುಡಿತಕ್ಕೆ ಬಿದ್ದ ನಿವೃತ್ತ ಅಧಿಕಾರಿ ಮುತ್ತಣ್ಣನನ್ನು ಅನಂತನಾಗ್ ಮನಸ್ಸಿಗೆ ನಾಟುವಂತೆ ಕಟ್ಟಿದ್ದಾರೆ. ಇವರಿಬ್ಬರ ತಳಮಳ ಒಂದಾದಾಗ ನಲವತ್ತು ವರ್ಷ ಹಿಂದಿನ ಕೊಲೆಯ ಗುಟ್ಟು ಬಯಲಾಗುತ್ತದೆ.

ನನ್ನ ತಕರಾರಿರುವುದು ಈ ಗುಟ್ಟಿನ ಬಗ್ಗೆಯೇ. ಸತ್ಯ ಎಲ್ಲೋ ಹೂತುಹೋಗಿದೆ, ಹಟವಿರುವ ಒಬ್ಬ ಅಧಿಕಾರಿ ಅಗೆದರೆ ನ್ಯಾಯ ಸಿಗುತ್ತದೆ ಎಂಬ ನಂಬಿಕೆಯ ಮೇಲೆ ಇಂಥ ಪತ್ತೇದಾರಿ ಕಥೆಗಳು ನಿಂತಿವೆ. ಇದು ಯಾರ ನಂಬಿಕೆ?

ಯಲಹಂಕದಿಂದ ಅರ್ಧ ದಿನದ ದಾರಿಯೂ ಇಲ್ಲದ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ಮಂದಿ ದಲಿತರನ್ನು ಜೀವಂತ ಸುಡಲಾಯಿತು. ಅಲ್ಲಿ ಯಾರೂ ನೆಲ ಅಗೆದು ಎಲುಬು ಹುಡುಕಬೇಕಾಗಿರಲಿಲ್ಲ. ನಡೆದದ್ದು ಊರೊಳಗೇ. ಆದರೆ ನ್ಯಾಯಾಲಯದಲ್ಲಿ ಸಾಕ್ಷಿಗಳು ಪ್ರತಿಕೂಲ ಹೇಳಿಕೆ ಕೊಟ್ಟರು. 2006ರಲ್ಲಿ ವಿಚಾರಣಾ ನ್ಯಾಯಾಲಯ ಆರೋಪಿಗಳನ್ನು ಖುಲಾಸೆ ಮಾಡಿತು. 2014ರಲ್ಲಿ ಹೈಕೋರ್ಟ್ ಆ ತೀರ್ಪನ್ನು ಎತ್ತಿಹಿಡಿಯಿತು.

ಥ್ರಿಲ್ಲರ್ ಕೇಳುವ ಪ್ರಶ್ನೆ 'ಕೊಂದವರು ಯಾರು?' ಕೇರಿಯ ಪ್ರಶ್ನೆಯೇ ಬೇರೆ: 'ಕಂಡದ್ದನ್ನು ಹೇಳಿ ಅದೇ ಊರಲ್ಲಿ ಬದುಕೋದು ಹೆಂಗೆ?' ಕೂಲಿ ಕೊಡುವ ಹೊಲ, ಸಾಲ ಕೊಡುವ ಅಂಗಡಿ, ನಡೆದಾಡುವ ದಾರಿ ಯಾವುದೂ ಸಾಕ್ಷಿಯ ಕೈಯಲ್ಲಿಲ್ಲ. ಕಾನೂನು ಕೂಡ ಮೊದಲು ಅಧಿಕಾರಿಯನ್ನೇ ನೆಚ್ಚಿಕೊಂಡಿತ್ತು. ದೌರ್ಜನ್ಯ ಪ್ರಕರಣಗಳನ್ನು ಡಿವೈಎಸ್‌ಪಿಗಿಂತ ಕೆಳಗಿನವರು ತನಿಖೆ ಮಾಡುವಂತಿಲ್ಲ ಎಂದು 1995ರ ನಿಯಮಗಳು ಹೇಳಿದವು. 1989ರ ಕಾಯ್ದೆಗೆ ಸಂತ್ರಸ್ತರ ಮತ್ತು ಸಾಕ್ಷಿಗಳ ಹಕ್ಕಿಗೆಂದೇ ಒಂದು ಅಧ್ಯಾಯ ಸೇರಿದ್ದು 2015ರ ತಿದ್ದುಪಡಿಯಲ್ಲಿ. ಅಷ್ಟರಲ್ಲಿ ಕಂಬಾಲಪಲ್ಲಿಯ ತೀರ್ಪು ಹೊರಬಿದ್ದಾಗಿತ್ತು.

ಹಾಗಾಗಿ 'ನಮ್ಮವನೊಬ್ಬನನ್ನು ಇನ್ಸ್‌ಪೆಕ್ಟರ್ ಪಾತ್ರಕ್ಕೆ ಹಾಕಿ' ಅಂತ ಕೇಳಿದರೆ ದಲಿತ ವಿಮರ್ಶೆಯ ಕೆಲಸ ಮುಗಿಯುವುದಿಲ್ಲ. ಕಥೆಯ ಕಣ್ಣು ಅಧಿಕಾರಿಯಿಂದ ಸಾಕ್ಷಿಯ ಕಡೆಗೆ ಹೊರಳಬೇಕು. ಬೆಳಗಿನ ಬಸ್ಸಿಗೆ ಕೋರ್ಟಿಗೆ ಬಂದು, ಸಂಜೆ ಅದೇ ಊರಿಗೆ ವಾಪಸ್ಸು ಹೋಗಬೇಕಾದ ಹೆಂಗಸೊಬ್ಬಳು ಕಟಕಟೆಯಲ್ಲಿ ಬಾಯಿ ಬಿಡುತ್ತಾಳೋ ಇಲ್ಲವೋ? ಇದಕ್ಕಿಂತ ಎದೆ ಹೊಡೆದುಕೊಳ್ಳುವ ಕಥೆ ಬೇಕೆ? ಅದನ್ನು ಬರೆಯಬೇಕಾದವರು ನಾವೇ.