ಪರಿಸರಗದ್ಯವೂ ಪ್ರಮಾಣಸಹಿತವಾದ ಬರೆವಣಿಗೆಯೂ

ಪರಿಸರವನ್ನು ಕುರಿತ ಗದ್ಯವನ್ನು ಪಾಠವಾಗಿಟ್ಟು ಓದನ್ನೂ ಆಧಾರಸಹಿತವಾದ ಬರೆವಣಿಗೆಯನ್ನೂ ಕಲಿಸಬಹುದೆಂಬುದು ಹೊಸ ಮಾತಲ್ಲ. ಆದರೆ ಯಾವ ಗದ್ಯವನ್ನು, ಯಾವ ನೆಲದಲ್ಲಿ, ಎಂಬುದು ವಿಚಾರಾರ್ಹವಾದ ಪ್ರಶ್ನೆ. ಈ ಜಾತಿಯ ಕನ್ನಡ ಗ್ರಂಥಗಳೆಂದೊಡನೆ ನೆನಪಿಗೆ ಬರುವುವು ಎರಡು: ಬಿ. ಜಿ. ಎಲ್. ಸ್ವಾಮಿಯವರ 'ಹಸುರು ಹೊನ್ನು', ಪೂರ್ಣಚಂದ್ರ ತೇಜಸ್ವಿಯವರ 'ಪರಿಸರದ ಕತೆ'. ಎರಡೂ ಸಹ್ಯಾದ್ರಿಯ ಕಾಡನ್ನು ಆಶ್ರಯಿಸಿದುವು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಗಳ ವಿದ್ಯಾರ್ಥಿಯಾದರೋ ಸುಣ್ಣಕಲ್ಲಿನ ಬಯಲಿನಲ್ಲಿ, ತೊಗರಿಯ ಹೊಲಗಳ ನಡುವೆ ಬೆಳೆದವನು.

ಈ ಎರಡು ಗ್ರಂಥಗಳು ಒಂದೇ ಬಗೆಯ ಪಾಠವನ್ನು ಕೊಡವು. ಸ್ವಾಮಿಯವರು ಸಸ್ಯಶಾಸ್ತ್ರದ ವಿದ್ಯಾರ್ಥಿಗಳೊಡನೆ ಕಾಡು ಸುತ್ತಿದ ಪ್ರವಾಸವನ್ನು ವರ್ಣಿಸುತ್ತಾರೆ. ಗಿಡದ ಹೆಸರಿನೊಡನೆ ಅದರ ಲಕ್ಷಣಗಳೂ ರೇಖಾಚಿತ್ರಗಳೂ ಬರುವುದರಿಂದ, ಹಾಸ್ಯವು ಎಷ್ಟೇ ಉಕ್ಕಿದರೂ ನಿರ್ಣಯದ ಕಾರಣವು ವಾಚಕನಿಗೆ ದೊರೆಯುತ್ತದೆ. ತೇಜಸ್ವಿಯವರಲ್ಲಿ ಕಂಡುದು, ಮಾರ ಪ್ಯಾರರಿಂದ ಕೇಳಿದುದು, ಊಹಿಸಿದುದು ಮೂರೂ ಕಥನದ ಓಟದಲ್ಲಿ ಬೆರೆತುಹೋಗಿವೆ. ಕಲೆಯ ದೃಷ್ಟಿಯಿಂದ ಇದು ಗುಣವೇ ಸರಿ. ಬೋಧನೆಗೂ ಈ ಬೆರಕೆಯೇ ಹೆಚ್ಚು ಉಪಯುಕ್ತವೆನ್ನಬೇಕು. ಬೇರ್ಪಡಿಸುವ ಕೆಲಸವು ಓದುವವನ ಪಾಲಿಗೇ ಉಳಿಯುತ್ತದೆಯಷ್ಟೆ. ಪ್ರಶ್ನಪತ್ರಿಕೆಯು 'ಪರಿಸರವನ್ನು ಉಳಿಸಬೇಕು' ಎಂಬ ಸಾರಾಂಶವನ್ನು ಮಾತ್ರ ಬೇಡಿದರೆ ಆ ಕೆಲಸಕ್ಕೆ ಎಡೆಯೆಲ್ಲಿ?

ಆದರೂ ಒಂದು ಕೊರತೆ ಉಳಿಯುತ್ತದೆ. ಮಲೆನಾಡಿನ ಮಾತನ್ನು ಬಯಲುಸೀಮೆಯ ಬಾಲಕನು ನಂಬಬಲ್ಲನೇ ಹೊರತು ಕಣ್ಣಾರೆ ಪರೀಕ್ಷಿಸಲಾರನು. ಚಿಂಚೋಳಿಯವನಿಗೆ ಎಲೆಯುದುರುವ ಒಣಕಾಡಾದರೂ ಉಂಟು. 2011ರಲ್ಲಿ ಅದು ವನ್ಯಜೀವಿಧಾಮವೆಂದು ಘೋಷಿತವಾಯಿತು. ವಾಡಿಯವನ ಮುಂದಿರುವುದು ಕಲ್ಲಿನ ಗಣಿ, ಸಿಮೆಂಟಿನ ಕಾರ್ಖಾನೆ. 'ಕಾರ್ಖಾನೆಯ ದೂಳಿನಿಂದ ತೊಗರಿ ಕೆಡುತ್ತದೆ' ಎಂದು ಅವನು ಬರೆದನೆನ್ನೋಣ. ಇದು ಕಂಡುದೋ, ಕೇಳಿದುದೋ? ಯಾವ ಹೊಲ, ಯಾವ ತಿಂಗಳು? ದೂರದ ಹೊಲದಲ್ಲಿ ಅದೇ ಕಾಲಕ್ಕೆ ಬಿತ್ತಿದ ಬೆಳೆ ಹೇಗಿತ್ತು? ಆ ವರ್ಷದ ಮಳೆಯೆಷ್ಟು? ಇವಕ್ಕೆ ಉತ್ತರವಿಲ್ಲದಿದ್ದರೆ ರೈತನ ದೂರೂ ನಿಲ್ಲದು, ಕಾರ್ಖಾನೆಯ ನಿರಾಕರಣೆಯೂ ನಿಲ್ಲದು. ಇಂತಹ ಪ್ರಶ್ನೆಗಳನ್ನು ಹುಟ್ಟಿಸುವ ಸುಣ್ಣಕಲ್ಲುಸೀಮೆಯ ಗದ್ಯವು, ಮೇಲಿನ ಎರಡು ಗ್ರಂಥಗಳ ಎತ್ತರದಲ್ಲಿ, ಕನ್ನಡಕ್ಕೆ ಇನ್ನೂ ಬರಬೇಕಾಗಿದೆ.

ಅದುವರೆಗೆ ಅಧ್ಯಾಪಕನು ವಿದ್ಯಾರ್ಥಿಗಳ ವಾಕ್ಯಗಳನ್ನೇ ಪಾಠವಾಗಿಸಿಕೊಳ್ಳಬಹುದು. ಕ್ರಮಕ್ಕಾಗಿ ದೂರ ಹೋಗಬೇಕಾಗಿಲ್ಲ. ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ದಡದಲ್ಲಿರುವ ಮಳಖೇಡವೇ ನೃಪತುಂಗನ ಮಾನ್ಯಖೇಟ. ಅವನ ಆಸ್ಥಾನದಲ್ಲಿ 9ನೆಯ ಶತಮಾನದಲ್ಲಿ ಹುಟ್ಟಿದ 'ಕವಿರಾಜಮಾರ್ಗ'ವು ದೋಷವುಳ್ಳ ಪದ್ಯವನ್ನು ಮೊದಲು ತೋರಿಸಿ, ತಿದ್ದಿದ ರೂಪವನ್ನು ಅದರ ಪಕ್ಕದಲ್ಲಿಯೇ ಇಡುತ್ತದೆ. ದೂಳು ತೊಗರಿಗಳ ವಾಕ್ಯವನ್ನೂ ಕರಿಹಲಗೆಯ ಮೇಲೆ ಹಾಗೆಯೇ ಎರಡು ಬಾರಿ ಬರೆಯಬಹುದು.