ಶರೀಫರ ನೆಲದ ಸಮ್ಮೇಳನ ಮತ್ತು ನಾವು

ಹಾವೇರಿ ಜಿಲ್ಲೆಯ ಹಿರಿಮೆ ಹೇಳುವಾಗ ಮೂರು ಹೆಸರು ಯಾರ ಬಾಯಲ್ಲೂ ತಪ್ಪುವುದಿಲ್ಲ: ಬಾಡದಲ್ಲಿ ಹುಟ್ಟಿ ಬ್ಯಾಡಗಿ ತಾಲೂಕಿನ ಕಾಗಿನೆಲೆಗೆ ಹೆಸರು ತಂದ ಕನಕದಾಸರು, ಶಿಶುನಾಳದ ಶರೀಫರು, ಹಿರೇಕೆರೂರು ಸೀಮೆಯ ಸರ್ವಜ್ಞ. ಮೂವರೂ ಕೇಳುವವರಿಗೆ ಹಿತವಾದುದನ್ನಷ್ಟೇ ಹೇಳಿದವರಲ್ಲ. ಇಂದಿಗೂ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಾಗಲಿ ರಾಣೆಬೆನ್ನೂರಿನ ಬೀಜದ ಅಂಗಡಿಗಳಲ್ಲಾಗಲಿ ಮುಸ್ಲಿಮರಾಡುವ ಕನ್ನಡ ಪರರ ಕನ್ನಡವಲ್ಲ. ಆದರೆ 2023ರ ಜನವರಿ 6ರಿಂದ 8ರವರೆಗೆ ಹಾವೇರಿಯಲ್ಲಿ 86ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ, ಆಹ್ವಾನ ಪತ್ರಿಕೆ ನೋಡಿದವರು ಕೇಳಿದ್ದು ಒಂದೇ ಪ್ರಶ್ನೆ: ಮುಸ್ಲಿಂ ಲೇಖಕರು ಎಲ್ಲಿ?

ಈ ಪ್ರಶ್ನೆಯನ್ನು ಮೊದಲು ಗಟ್ಟಿಯಾಗಿ ಎತ್ತಿದವರಲ್ಲಿ ಪುರುಷೋತ್ತಮ ಬಿಳಿಮಲೆ ಒಬ್ಬರು. ಪರಿಷತ್ತಿನ ಅಧ್ಯಕ್ಷ ಮಹೇಶ ಜೋಶಿ ಆರೋಪವನ್ನು ಅಲ್ಲಗಳೆದರು. ಹೆಸರು ನೋಡಿ ಲೇಖಕರನ್ನು ಎಣಿಸುವುದು ನಮಗೂ ರುಚಿಸುವ ಕೆಲಸವಲ್ಲ. ನಿಸಾರ್ ಅಹಮದ್ 2006ರಲ್ಲಿ ಶಿವಮೊಗ್ಗ ಸಮ್ಮೇಳನದ ಅಧ್ಯಕ್ಷರಾದದ್ದು ಮೀಸಲಾತಿಯಿಂದಲ್ಲ, ಕಾವ್ಯದಿಂದ. ಆದರೂ ಎಣಿಸಬೇಕಾಗಿ ಬಂದದ್ದೇಕೆ? ವೇದಿಕೆಗೆ ಕರೆಯದಿದ್ದರೆ ಸಂವಿಧಾನದ 19ನೇ ವಿಧಿ ಮುರಿಯುವುದಿಲ್ಲ, ನಿಜ. ಬಾಯಿ ಕಟ್ಟಲು ನಿಷೇಧವೇ ಬೇಕೆಂದಿಲ್ಲ, ಪಟ್ಟಿಯಲ್ಲಿ ಹೆಸರು ಬಿಟ್ಟರೂ ಸಾಕು. ಖಾಸಗಿ ಸಂಘ ಹೀಗೆ ಮಾಡಿದ್ದರೆ ಸುಮ್ಮನಿರಬಹುದಿತ್ತು. ಸಮ್ಮೇಳನ ನಡೆಯುವುದು ಸರಕಾರದ, ಅಂದರೆ ಎಲ್ಲರ ಹಣದಿಂದ.

ಅದೇ 8ರಂದು ಬೆಂಗಳೂರಿನಲ್ಲಿ ಪ್ರತಿರೋಧವಾಗಿ ಜನ ಸಾಹಿತ್ಯ ಸಮ್ಮೇಳನ ನಡೆಯಿತು. ಅಲ್ಲಿ ಬಾನು ಮುಷ್ತಾಕ್ ಕನ್ನಡವನ್ನು ಭುವನೇಶ್ವರಿಯಾಗಿಸಿ ಅರಿಸಿನ ಕುಂಕುಮದ ಪೀಠದಲ್ಲಿ ಕೂರಿಸಿದರೆ ತಾನು ನಿಲ್ಲುವುದೆಲ್ಲಿ ಎಂಬರ್ಥದ ಮಾತನಾಡಿದರು. ಅಂದು ಅದು ಹೆಚ್ಚು ಸದ್ದು ಮಾಡಲಿಲ್ಲ. 2025ರಲ್ಲಿ ಅವರಿಗೆ ಅಂತಾರಾಷ್ಟ್ರೀಯ ಬೂಕರ್ ಬಂದು, ಸರಕಾರ ಮೈಸೂರು ದಸರಾ ಉದ್ಘಾಟನೆಗೆ ಕರೆದಾಗ, ಆ ಭಾಷಣದ ತುಣುಕನ್ನು ಹೊರತೆಗೆದು ಅವರ ಮೇಲೆಯೇ ಎಸೆಯಲಾಯಿತು. ಹೈಕೋರ್ಟ್, ಸುಪ್ರೀಂ ಕೋರ್ಟ್ ಎರಡೂ ಆಕ್ಷೇಪವನ್ನು ತಳ್ಳಿಹಾಕಿದವು. ಸೆಪ್ಟೆಂಬರ್ 22ರಂದು ಅವರು ದಸರಾ ಉದ್ಘಾಟಿಸಿದರು. ಭುವನೇಶ್ವರಿಯನ್ನು ತಾಯಿಯೆಂದು ನಂಬುವವರಿಗೆ ಆ ಮಾತು ನೋವು ತಂದಿರಬಹುದು. ಆ ನೋವನ್ನು ನಾವು ಹಗುರ ಮಾಡುವುದಿಲ್ಲ. ಆದರೆ ಅದಕ್ಕೆ ಉತ್ತರ ಮಾತಿನಲ್ಲೇ ಇರಬೇಕಿತ್ತು, ಹಬ್ಬದ ಬಾಗಿಲು ಹಾಕುವುದರಲ್ಲಿ ಅಲ್ಲ.

ಇಷ್ಟು ಬರೆದು ಲೇಖನಿ ಕೆಳಗಿಟ್ಟರೆ ನಮ್ಮದು ಅರ್ಧ ಮಾತಾದೀತು. ಇದೇ ಬಾನು 2000ದಲ್ಲಿ ಮಸೀದಿಯಲ್ಲಿ ಹೆಣ್ಣುಮಕ್ಕಳ ನಮಾಝಿನ ಹಕ್ಕಿನ ಪರ ಮಾತನಾಡಿದಾಗ ಸಾಮಾಜಿಕ ಬಹಿಷ್ಕಾರ ಹಾಕಿದವರು ಯಾರು? ನಮ್ಮವರೇ. ಅದಕ್ಕೂ ಮುಂಚೆ, ಎಂಬತ್ತರ ದಶಕದಲ್ಲಿ, ಪುತ್ತೂರಿನ ಸಭೆಯೊಂದರಲ್ಲಿ ಸಾರಾ ಅಬೂಬಕ್ಕರ್ ಅವರನ್ನು ಮಾತನಾಡಗೊಡದೆ ಗದ್ದಲವೆಬ್ಬಿಸಿದವರೂ ನಮ್ಮವರೇ. ತಲಾಕಿನ ಹೆಸರಲ್ಲಿ ಹೆಣ್ಣಿಗಾಗುವ ಅನ್ಯಾಯವನ್ನು ಬರೆದದ್ದು ಅವರ ಅಪರಾಧ. ಸಮುದಾಯದ ಮಾನ ಹೋಯಿತೆಂದರು. ನಾದಿರಾಳ ಪಾಡನ್ನು ಯಾರೂ ಕೇಳಲಿಲ್ಲ. ಹಾವೇರಿಯಲ್ಲಿ ಕುರ್ಚಿ ಕೇಳುವ ನಾವು, ನಮ್ಮ ಮೊಹಲ್ಲಾದ ಜಲ್ಸಾಗಳಲ್ಲಿ ಬರೆಯುವ ಹೆಣ್ಣುಮಗಳಿಗೆ ಎಷ್ಟು ಬಾರಿ ಮೈಕು ಕೊಟ್ಟಿದ್ದೇವೆ?

ಹಾವೇರಿ ಸಮ್ಮೇಳನ ಮುಗಿದ ಎರಡನೇ ದಿನ, ಜನವರಿ 10ರಂದು, ಸಾರಾ ಮಂಗಳೂರಿನಲ್ಲಿ ತೀರಿಕೊಂಡರು. ಅವರ ‘ಚಂದ್ರಗಿರಿಯ ತೀರದಲ್ಲಿ’ಯನ್ನು ಓದದೆಯೇ ಬೈದ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಪುಸ್ತಕ ಅಂಗಡಿಯಲ್ಲಿ ಸಿಗುತ್ತದೆ.